ಕಾಣಿಕೆ ಚೀಲಕ್ಕೆ ಕಳ್ಳಜೇಬು

ಪಾಸ್ಟರ್ ಅಯ್ಯನವರಿಗೆ,

ಕರ್ತನ ನಾಮದಲ್ಲಿ ವಂದನೆ. ಸಭೆಯ ಹೊಸ ಕಾಣಿಕೆ ಚೀಲ ಹೊಲಿದಾಯಿತು.

ನಿನ್ನೆ ನಿಮ್ಮ ಭಾವಮೈದುನ ಅಂಗಡಿಗೆ ಬಂದು, ಚೀಲದೊಳಗೆ ಒಂದು ಕಳ್ಳಜೇಬು ಇಡು ಅಂದರು. ಯಾಕೆ ಅಂದದ್ದಕ್ಕೆ, "ಆಶೀರ್ವಾದದ ವಿಷಯ, ಕೆದಕಬೇಡ" ಅಂದರು. ನಿಮಗೆ ಇದು ಗೊತ್ತೋ ಇಲ್ಲವೋ, ನಾನು ಕೇಳುವುದಿಲ್ಲ.

ಹೆಂಡತಿಗೆ ಹೆದರುವ ಗಂಡಸರಿಗೆ ಬೇಕಾದಷ್ಟು ಕಳ್ಳಜೇಬು ಹೊಲಿದಿದ್ದೇನೆ. ದೇವರು ಯಾರಿಗೆ ಹೆದರಬೇಕು?

ಬಿತ್ತಿದವರಿಗೆ ನೂರರಷ್ಟು ಸಿಗುತ್ತದೆ ಅಂತ ನೀವು ಹೇಳಿದ್ದನ್ನು ನಂಬಿಯೇ ನಾನೂ ಕಾಣಿಕೆ ಹಾಕುತ್ತಿದ್ದೇನೆ. ನನಗೂ ಕರೆಂಟಿನ ಹೊಲಿಗೆ ಮಷೀನಿನ ಆಸೆಯಿದೆ. ಅದನ್ನು ಇಡೀ ಸಭೆಯ ಎದುರು ಮೊಣಕಾಲೂರಿ, ಬಾಯಿಬಿಟ್ಟು ಕೇಳಿದ್ದೇನೆ.

ಜೇಬು ಬೇಕೇ ಬೇಕು ಅಂದರೆ ನೀವೂ ಹಾಗೇ ಕೇಳಿ. ಭಾನುವಾರ ಪ್ರಸಂಗ ಮುಗಿದ ಮೇಲೆ ಅಲ್ಲೇ, ಎಲ್ಲರ ಮುಂದೆ ಕೂತು ಹೊಲಿದುಕೊಡುತ್ತೇನೆ.

ಅಲ್ಲಿಯವರೆಗೆ ಚೀಲ ನನ್ನ ಹತ್ತಿರವೇ ಇರಲಿ.

ಇಂತಿ,
ನಿಮ್ಮ ಸಭೆಯ ದರ್ಜಿ