ಮೊದಲ ಲೋಟ ಕಬ್ಬಿನ ಹಾಲು

ಪಾಂಡವಪುರ
ಫೆಬ್ರವರಿ ೩೦, ೨೨೧೪

ಮುತ್ತಾತ ನಿಂಗೇಗೌಡರಿಗೆ ನಮಸ್ಕಾರ.

ತಾರೀಖು ನೋಡಿ ನಗಬೇಡಿ. ನಮ್ಮ ಕಾಲದಲ್ಲಿ ಫೆಬ್ರವರಿಗೂ ಮೂವತ್ತು ದಿನ ಕೊಟ್ಟಿದ್ದಾರೆ. ನನ್ನ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಮನ್ನಿಸಿ. ನಿಮ್ಮ ಮಗಳು ಹೇಮಾವತಿಯ ಕಡೆಯಿಂದ ನಾನು ಏಳನೇ ತಲೆಮಾರು, ಹೆಸರು ಇಂಚರ. ನಿಮ್ಮಿಂದ ನನಗೆ ಬಂದ ಆಸ್ತಿಯೆಂದರೆ ಗೌಟ್ ಎಂಬ ಕೀಲುಬೇನೆ ಒಂದೇ. ಅದೂ ನಿಮ್ಮ ಹಾಗೆ ಕಾಲಿನ ಹೆಬ್ಬೆರಳಿಗೇ ಬಂದಿದೆ.

ನಾವು ಕುಡಿಯುವುದು ಒಪ್ಪುಲೋಟದಲ್ಲಿ. ಹಿಡಿದವರ ಮೈಗೆ ಒಗ್ಗದ್ದನ್ನು ಸುರಿದರೆ ಅದರ ಅಂಚು ಕೆಂಪಾಗುತ್ತದೆ. ಬೆಳಿಗ್ಗೆ ಎರಡು ಲೋಟ ನೀರು, ಆಮೇಲೆ ಸಕ್ಕರೆಯಿಲ್ಲದ ಕಾಫಿ, ಊಟಕ್ಕೆ ಕೆನೆ ತೆಗೆದ ನೀರು ಮಜ್ಜಿಗೆ, ಮೇಲೆ ನಾಲ್ಕು ಕರಿಬೇವು. ಇವಕ್ಕೆಲ್ಲ ಅಂಚು ಬೆಳ್ಳಗೇ ಇರುತ್ತದೆ. ಬಿಯರ್ ಸುರಿದರೆ ಕೆಂಪು. ಮೊನ್ನೆ ಕಬ್ಬಿನ ಹಾಲು ಸುರಿದೆ, ಅದಕ್ಕೂ ಕೆಂಪು! ಲೋಟ ಕೆಟ್ಟಿದೆ ಎಂದು ರೇಗಿ ಮೂರು ಸಲ ತೊಳೆದೆ. ಮೂರು ಸಲವೂ ಕೆಂಪಾಯಿತು. ಆಗ ನಿಮ್ಮ ನೆನಪಾಯಿತು.

ನೀವು ಹೇಮಾವತಿಗೆ ಕಳಿಸಿದ ವಾಯ್ಸ್ ಮೆಸೇಜು ನಮ್ಮಲ್ಲಿ ಇನ್ನೂ ಇದೆ. "ಬಿಯರ್ ಬುಟ್ಟು ಆರು ತಿಂಗ್ಳಾಯ್ತು ಕನವ್ವ. ಕಬ್ಬಿನ್ ಹಾಲು ತಂಪು, ಅದ್ನೇ ಕುಡೀತಿವ್ನಿ. ನಿನ್ ಧಾರೆಗೆ ನೆಟ್ಗೆ ನಿಂತ್ಕತೀನಿ, ನೋಡ್ತಿರು." ಬಿಯರ್ ಬಿಟ್ಟಿರಿ, ಭೇಷ್. ಆದರೆ ನಿಮ್ಮ ಕಬ್ಬಿನ ಹಾಲಿನ ಅಂಗಡಿಯ ಪದ್ಧತಿ ಏನು? ಹೊಸ ಹೊರೆ ಬಿಚ್ಚಿದಾಗಲೆಲ್ಲ ಗಿರಾಕಿಗಿಂತ ಮೊದಲು ಯಜಮಾನ ಒಂದು ಲೋಟ ಕುಡಿದು ರುಚಿ ನೋಡಬೇಕು. ದಿನಕ್ಕೆ ಎಂಟು ಹೊರೆ, ಎಂಟು ಲೋಟ! ತಂಪೆಂದು ಕುಡಿದ ಆ ಸಿಹಿಯೇ ಕೀಲು ಊದಿಸುವ ಯೂರಿಕ್ ಆಸಿಡ್ ಏರಿಸುತ್ತಿತ್ತು. ನಿಮ್ಮ ಮುಗ್ಧತೆಗೆ ನಗು ಬರುತ್ತದೆ, ಮರುಕ್ಷಣವೇ ಸಂಕಟವಾಗುತ್ತದೆ.

ಮದುವೆಯ ಫೋಟೋ ನನ್ನ ಎದುರಿಗಿದೆ. ಧಾರೆಯ ಚೊಂಬು ಹಿಡಿದಿರುವುದು ಹೇಮಾವತಿಯ ಸೋದರಮಾವ. ನೀವು ಮೂಲೆಯ ಕುರ್ಚಿಯಲ್ಲಿ, ಊದಿದ ಕಾಲಿಗೆ ಟವೆಲ್ ಸುತ್ತಿಕೊಂಡು ಕೂತಿದ್ದೀರಿ. ಮದುಮಗಳು ನಿಮ್ಮ ಕಡೆಗೇ ನೋಡುತ್ತಿದ್ದಾಳೆ.

ನಮ್ಮ ಅಂಚೆ ಹಿಂದಿನ ಕಾಲಕ್ಕೂ ಹೋಗುತ್ತದೆ. ಮದುವೆಗೆ ಇನ್ನೂ ಮೂರು ತಿಂಗಳಿರುವಾಗ ನಿಮ್ಮ ಕೈ ಸೇರುವಂತೆ ಈ ಕಾಗದ ಕಳಿಸುತ್ತಿದ್ದೇನೆ. ಡಾಕ್ಟರು ಕೊಟ್ಟ ಮಾತ್ರೆ ತಪ್ಪಿಸಬೇಡಿ. ಬಾಯಾರಿದರೆ ನೀರು ಕುಡಿಯಿರಿ. ಮೊದಲ ಲೋಟದ ರುಚಿಯನ್ನು ನಿಮ್ಮ ಮನೆಯವರು, ನನ್ನ ಮುತ್ತಜ್ಜಿ, ನೋಡಲಿ, ಅವರ ನಾಲಿಗೆಯೇನೂ ನಿಮ್ಮದಕ್ಕಿಂತ ಕಡಿಮೆಯಲ್ಲ. ಇನ್ನು ಮೇಲೆ ನಾನು ದಿನಾ ಬೆಳಿಗ್ಗೆ ನೀರು ಕುಡಿಯುವ ಮುಂಚೆ ಈ ಫೋಟೋ ತೆಗೆದು ನೋಡುತ್ತೇನೆ, ಮೂಲೆಯ ಕುರ್ಚಿ ಖಾಲಿಯಾಗಿದೆಯೇ ಎಂದು.

ನಿಮ್ಮ
ಇಂಚರ