ಕಾಯುತ್ತ ಕೂತ ಭೋಂಗಾ

ಸೆಪ್ಟೆಂಬರ್ 4, ಸಿಂದಗಿ ಆಫೀಸು

ಬೆಳಿಗ್ಗೆ ಎಂದಿನಂತೆ ಭೀಮಾ ನದಿಯ ಮಟ್ಟ ನೋಡಿದೆ. ದೇವಣಗಾಂವ ಸೇತುವೆಗೆ ನಾವು ಕೂರಿಸಿದ, ನೀರಿನ ಮಟ್ಟ ಅಳೆಯುವ ಡಬ್ಬಿ ಕಳಿಸಿದ್ದು 4.2 ಮೀಟರ್. ನಿನ್ನೆಯೂ 4.2. ಮೊನ್ನೆಯೂ. ಮೇಲೆ ಇಷ್ಟು ಮಳೆ ಇರುವಾಗ... ದಂಡೆಯಲ್ಲಿ ಕುರಿ ಹಟ್ಟಿ ಹಾಕಿರುವ ಮಾಳಿಂಗರಾಯ ಕಾಕಾಗೆ ಫೋನ್ ಮಾಡಿದೆ.

“ಹೊಳಿ ಮೊಣಕಾಲುದ್ದ ಏರೇತ್ರಿ ಮೇಡಮ್. ನಿಮ್ಮ ಡಬ್ಬಿಗೆ ಕಾಣಾಂಗಿಲ್ಲೇನ್ರಿ?”

ಸೆಪ್ಟೆಂಬರ್ 5, ದೇವಣಗಾಂವ

ತಪ್ಪು ಸಿಕ್ಕಿತು. ಕರೆಂಟ್ ಹೋಗಿ ಬಂದರೆ ಡಬ್ಬಿಯ ಕಂಪ್ಯೂಟರ್ ತಾನೇ ಶುರುವಾಗುತ್ತದೆ. ನೆಟ್‌ವರ್ಕ್ ಬರಲು ನಲವತ್ತು ಸೆಕೆಂಡ್ ಬೇಕು. ನಮ್ಮ ಪ್ರೋಗ್ರಾಮ್ ಅಷ್ಟು ತಾಳುವುದಿಲ್ಲ — ಒಮ್ಮೆ ಯತ್ನಿಸಿ ಸತ್ತು ಬೀಳುತ್ತದೆ. ಆಫೀಸಿನ ಪರದೆಯಲ್ಲಿ ಹಳೆಯ ಅಂಕಿಯೇ ಉಳಿಯುತ್ತದೆ.

ನೆಟ್‌ವರ್ಕ್ ಸಿಕ್ಕ ಮೇಲೆಯೇ ಶುರುವಾಗಲಿ ಎಂದು ಒಂದು ಸಾಲು ಸೇರಿಸಿದೆ. ಪರೀಕ್ಷೆಗೆಂದು ಅಪಾಯದ ಮಟ್ಟ ಇಳಿಸಿಟ್ಟು ಮೂರು ಸಲ ಕರೆಂಟ್ ತೆಗೆದು ಹಾಕಿದೆ. ಮೂರೂ ಸಲ ಕಾಕಾರ ಮೊಬೈಲಿಗೆ ಮೆಸೇಜ್ ಬಂತು. ಕಂಬದ ಮೇಲಿನ ಸೈರನ್ — ಇಲ್ಲಿಯವರ ಬಾಯಲ್ಲಿ ಭೋಂಗಾ — ಅದೂ ಕೂಗಿತು. ಕುರಿ ಚದುರಿದವು.

ಕಾಕಾರ ಹೆಂಡತಿ ರಾಮವ್ವ ಕೇಳಿದರು: “ಹಂಗಾರ ಹಟ್ಟಿ ಇಲ್ಲೇ ಇರ್ಲೇನ್ರಿ?”

“ಇರ್ಲಿ ಕಾಕು. ಭೋಂಗಾ ಒದರಿದ ಕೂಡ್ಲೆ ಮ್ಯಾಲ ಬರ್ರಿ.”

ಸೆಪ್ಟೆಂಬರ್ 24, ಬೆಳಿಗ್ಗೆ 10

ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟಿದ್ದಾರೆ. ದೇವಣಗಾಂವದ ಮೊಬೈಲ್ ಟವರ್ ಬಂದ್. ಕಾಕಾರ ಫೋನ್ ಹತ್ತುತ್ತಿಲ್ಲ. ಇರಲಿ, ಭೋಂಗಾ ಇದೆ. ಅದಕ್ಕೆ ಬ್ಯಾಟರಿಯೂ ಇದೆ.

10.20

ಭೋಂಗಾ ಕೂಗಿಸುವುದೂ ಅದೇ ಪ್ರೋಗ್ರಾಮ್. ಕರೆಂಟ್ ಹೋಗಿ ಬಂದಿದ್ದರೆ... ಟವರ್ ಇಲ್ಲ... ಅದು ನೆಟ್‌ವರ್ಕ್‌ಗೆ ಕಾಯುತ್ತ ಕೂತಿರುತ್ತದೆ, ಭೋಂಗಾ ಕೂಗುವುದಿಲ್ಲ. ಹೊರಟೆ.

ಸೆಪ್ಟೆಂಬರ್ 25

ನಿನ್ನೆ ರಸ್ತೆಯ ಮೇಲೆ ನೀರು. ಬಸ್ಸು ಅರ್ಧದಾರಿಯಿಂದ ವಾಪಸ್. ಇಂದು ನೀರು ಇಳಿದ ಮೇಲೆ ಹೋದೆ; ದೇವಣಗಾಂವದ ಶಾಲೆಯಲ್ಲಿ, ನೆರೆ ಸಂತ್ರಸ್ತರ ನಡುವೆ ಕಾಕಾ ಸಿಕ್ಕರು. ನಿನ್ನೆ ಬೆಳಿಗ್ಗೆ ಕುರಿಗೆ ಔಷಧಿ ತರಲು ಸಿಂದಗಿಗೆ ಬಂದಿದ್ದರಂತೆ. ಹಟ್ಟಿಯಲ್ಲಿ ರಾಮವ್ವ ಒಬ್ಬರೇ. ಕಾಕಾ ಹೇಳಿದರು:

“ಮ್ಯಾಲ ಬಾ ಅಂತ ಮಂದಿ ಕರದಾರ್ರಿ. ಭೋಂಗಾ ಇನ್ನ ಒದರಿಲ್ಲ, ಮೇಡಮ್ ಹೇಳ್ಯಾರ ಅಂದ್ಳಂತ.”

ಆಮೇಲೆ ನನಗೆ ಚಹಾ ತರಿಸಿದರು. ಕುಡಿದೆ.

ಸೆಪ್ಟೆಂಬರ್ 27

ಹಟ್ಟಿ ಹೊಳೆಯಲ್ಲಿ ಕೊಚ್ಚಿಹೋಗಿದೆ. ರಾಮವ್ವ ಇನ್ನೂ ಸಿಕ್ಕಿಲ್ಲ.

ಡಬ್ಬಿ ಮುಳುಗಿಲ್ಲ. ತೆಗೆದು ನೋಡಿದೆ. 24ರ ಬೆಳಿಗ್ಗೆ 7.50ಕ್ಕೆ ಕಂಪ್ಯೂಟರ್ ಶುರುವಾಗಿದೆ. ಆಮೇಲೆ ಒಂದೇ ಸಾಲು — ನೆಟ್‌ವರ್ಕ್‌ಗಾಗಿ ಕಾಯುತ್ತಿದೆ.

ಆಫೀಸಿನ ಸಾಹೇಬರಿಗೆ ತೋರಿಸಿದೆ. “ನೆಟ್‌ವರ್ಕ್ ಇರಲಿಲ್ಲ ಅಂತ ರಿಪೋರ್ಟಿನ್ಯಾಗ ಬರೀರಿ, ಸಾಕು.” ಸುಳ್ಳೇನಲ್ಲ. ಆದರೆ ಭೋಂಗಾ ಕೂಗಲು ನೆಟ್‌ವರ್ಕ್ ಬೇಕಿರಲಿಲ್ಲ. ಕಾಯಲು ಹೇಳಿದ್ದು ನಾನು.

ನಾಳೆ ಕಾಕಾರ ಮುಂದೆ ಕೂತು ಮೊದಲು ಹೇಳಬೇಕಾದ್ದು ಇದೇ.