ಅಮ್ಮನಿಗೆ ಹುಟ್ಟದ ಬುದ್ಧಿಹಲ್ಲು

ಮಾರ್ಚ್ ೧೪, ಗುರುವಾರ

ಮಾನವಶಾಸ್ತ್ರದ ಪಿಎಚ್‌ಡಿ ಮೌಖಿಕ ಪರೀಕ್ಷೆ ಮುಗಿಯಿತು, ಪಾಸಾದೆ. ಆದರೆ ತಲೆಯ ತುಂಬ ಅಮ್ಮನೇ ಇದ್ದಾಳೆ.

ಅಮ್ಮನಿಗೆ ಬುದ್ಧಿಹಲ್ಲು ಹುಟ್ಟಲೇ ಇಲ್ಲ, ನನಗೂ ಇಲ್ಲ. "ಹಲ್ಲೇ ಬಂದಿಲ್ಲ, ಇನ್ನು ಬುದ್ಧಿ ಎಲ್ಲಿಂದ ಬರ್ಬೇಕು?" ಎಂದು ಅಜ್ಜಿ ಇದ್ದಷ್ಟು ದಿನವೂ ಸೊಸೆಯನ್ನು ಹಂಗಿಸಿದಳು. ನಾನು ಹಲ್ಲಿನ ಬೆನ್ನು ಹತ್ತಿದ್ದೇ ಆ ಮಾತಿನಿಂದ.

ಇವತ್ತು ತುಂಬಿದ ಕೊಠಡಿಯಲ್ಲಿ ವಿವರಿಸಿದೆ: ಮೆತ್ತಗಿನ ಊಟ ಬಂದ ಮೇಲೆ ಮನುಷ್ಯರ ದವಡೆ ಕಿರಿದಾಗುತ್ತ ಬಂತು. ಬುದ್ಧಿಹಲ್ಲು ಹುಟ್ಟದವರು ಕೆಲವು ಜನಸಮುದಾಯಗಳಲ್ಲಿ ಅಪರೂಪ, ಕೆಲವುಗಳಲ್ಲಿ ಬೇಕಾದಷ್ಟು. ಅದು ಊನವಲ್ಲ, ವಂಶವಾಹಿಗಳಲ್ಲಿನ ವ್ಯತ್ಯಾಸ.

ಹಿರಿಯ ಪರೀಕ್ಷಕರು ಕನ್ನಡಕ ಇಳಿಸಿ, "ಹಾಗಾದ್ರೆ ಆ ಹಲ್ಲು ಇಲ್ದೋರೇ ಹೆಚ್ಚು ಮುಂದುವರಿದೋರು ಅಂತೀರಾ?" ಎಂದರು. ಬೀಳಲೆಂದೇ ತೋಡಿದ ಗುಂಡಿ ಅದು.

"ಇಲ್ಲ ಸರ್. ಯಾರಿಗೆ ಯಾರು ನೆಂಟರು ಅಂತ ಹಲ್ಲು ಅಷ್ಟಿಷ್ಟು ಹೇಳುತ್ತೆ. ಯಾರು ಮೇಲು ಅಂತ ಹೇಳಲ್ಲ."

ಹಿಂದಿನ ಸಾಲಿನಿಂದ ಜೋರು ಚಪ್ಪಾಳೆ. ನೋಡಿದರೆ ಅಮ್ಮ, ಒಬ್ಬಳೇ! ಮಧ್ಯದಲ್ಲಿ ಚಪ್ಪಾಳೆ ತಟ್ಟಬಾರದೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ನಾಚಿಕೆಯಾಗಬೇಕಿತ್ತು, ಎದೆಯುಬ್ಬಿತು. ಪರೀಕ್ಷಕರೂ ನಕ್ಕು ತಲೆದೂಗಿದರು.

ಬರುವಾಗ ಬಸ್ಸಿನಲ್ಲಿ ಪಕ್ಕದ ಹೆಂಗಸಿಗೆ ಅಮ್ಮ ಹೇಳಿಯೇಬಿಟ್ಟಳು: "ನನ್ ಮಗಳು ಇವತ್ತಿಂದ ಡಾಕ್ಟರು. ಹಲ್ಲಿನ ಮೇಲೇ ಓದಿರೋದು."

ಆಕೆ ತಡಮಾಡದೆ ಬಾಯಿ ತೆರೆದು, ನೋಯುವ ಹಲ್ಲಿನ ಮೇಲೆ ಬೆರಳಿಟ್ಟಳು.

"ಅಮ್ಮಾ, ನಾನು ಆ ಡಾಕ್ಟರಲ್ಲ..."

"ನೋಡೇ, ಪಾಪ. ನೋಡಿದ್ರೆ ನಿನ್ ಗಂಟೇನು ಹೋಗುತ್ತೆ?"

ಮೊಬೈಲ್ ಬೆಳಕು ಹಾಕಿ ನೋಡಿದೆ. ನೋಯುವ ಹಲ್ಲು ಮರೆತೇಹೋಯಿತು. ಮುಂದೆ ಎಂಥ ಚೆಂದದ ಬಾಚಿಹಲ್ಲುಗಳು! ಹಿಂಬದಿ ಸಲಿಕೆಯಂತೆ ತಗ್ಗು, ವಂಶದಲ್ಲಿ ಇಳಿದು ಬರುವ ಗುರುತು. ಎಷ್ಟು ತಲೆಮಾರು ದಾಟಿ ಆ ಬಾಯಿಗೆ ಬಂದವೋ ಎಂದುಕೊಳ್ಳುವಷ್ಟರಲ್ಲಿ ಅಮ್ಮ ಹಿಂದಿನ ಸೀಟಿನವರಿಗೂ ಹೇಳತೊಡಗಿದ್ದಳು, "ನನ್ ಮಗಳು..."